ಯಾರ ಪಾಲಿಗೆ ಖಾಲಿ ಗುಳಿಗೆ

ಮುರಗೋಡ
17 ಫೆಬ್ರುವರಿ 2025

ಪೂನಮ್ ಟೀಚರ್ ಅವರಿಗೆ,

ಹೋದ ಬುಧವಾರ ಬೆಳಗಾವಿಯ ಆಸ್ಪತ್ರೆಯಲ್ಲಿ, ಕಿವಿ ವಿಭಾಗದ ಹೊರಗಿನ ಬಾಕಿನ ಮೇಲೆ ನಿಮ್ಮ ಪಕ್ಕ ಕುಳಿತಿದ್ದೆನಲ್ಲ, ನಿಮ್ಮ ಪೆನ್ನು ಇಸಿದುಕೊಂಡು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಪೆನ್ನನ್ನು ಹಾಗೆಯೇ ಚೀಲಕ್ಕೆ ಸೇರಿಸಿಕೊಂಡು ಬಂದೆನಲ್ಲ, ಆ ಹೆಂಗಸು ನಾನು. ಹೆಸರು ಸಿದ್ದಲಿಂಗವ್ವ, ವಯಸ್ಸು ಐವತ್ತೆಂಟು. ಮುರಗೋಡದಲ್ಲಿ ಇಪ್ಪತ್ತೆಂಟು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿದ್ದೇನೆ. ಈ ಪತ್ರವನ್ನೂ ಅದೇ ಪೆನ್ನಿನಿಂದ ಬರೆಯುತ್ತಿದ್ದೇನೆ. ಬಹಳ ಚಲೋ ಓಡುತ್ತದೆ. ಸದ್ಯಕ್ಕೆ ವಾಪಸು ಕಳಿಸುವ ಮನಸ್ಸಿಲ್ಲ.

ನೀವು ಫೋನ್ ನಂಬರನ್ನೂ ಬರೆದುಕೊಟ್ಟಿದ್ದಿರಿ. ಆದರೆ ಫೋನನ್ನು ಕಿವಿಗೆ ಹಿಡಿದರೆ ಒಳಗಿನ ಗುಂಯ್ ಅನ್ನುವ ಸಪ್ಪಳ ಮತ್ತು ಆ ಕಡೆಯ ಮಾತು ಎರಡೂ ಕಲಸಿ ಹೋಗುತ್ತವೆ. ನಿಮಗೂ ಹಾಗೇ ಆಗುತ್ತದೆ ಅಂದಿರಿ. ಅದಕ್ಕೆ ಪತ್ರ. ಏಳನೇ ಇಯತ್ತೆಯವರೆಗೆ ಓದಿದವಳು ನಾನು, ಒಂದು ಕಾಲದಲ್ಲಿ ನಮ್ಮ ಓಣಿಯವರ ಪತ್ರವನ್ನೆಲ್ಲ ನಾನೇ ಬರೆದುಕೊಡುತ್ತಿದ್ದೆ.

ಹೊರಗೆ ಏನೂ ಇಲ್ಲದೆ ಒಳಗೇ ಸಪ್ಪಳವಾಗುವ ಈ ರೋಗ ನನಗೆ ಬಂದು ನಾಲ್ಕು ವರ್ಷ. ನಮ್ಮ ಯಜಮಾನರು ಶಂಕರೆಪ್ಪ, ಗಿರಣಿಯೇ ನಿನ್ನ ಕಿವಿ ತಿಂದದ್ದು ಅನ್ನುತ್ತಾರೆ. ಆಸ್ಪತ್ರೆಯವರು ಪರೀಕ್ಷೆಗೆಂದು ಕೊಟ್ಟ ಈ ಹೊಸ ಗುಳಿಗೆಯಿಂದಲೂ ಗುಣ ಕಾಣದಿದ್ದರೆ ಗಿರಣಿ ಮಾರಿಬಿಡುವುದೆಂದು ಹಟ ಹಿಡಿದಿದ್ದಾರೆ. ಯರಗಟ್ಟಿಯವನೊಬ್ಬ ಬಂದು ಕಲ್ಲು, ಮೋಟಾರು ಎಲ್ಲ ನೋಡಿಕೊಂಡೂ ಹೋಗಿದ್ದಾನೆ.

ಅಂದು ಡಾಕ್ಟರ್ ಮಧು ಬಾಯಿಯವರು ಹೇಳಿದ್ದು ಇನ್ನೂ ನನ್ನ ತಲೆಯಲ್ಲಿ ತಿರುಗುತ್ತಿದೆ. "ಅರ್ಧ ಮಂದಿಗೆ ಔಷಧ ಇರೂ ಗುಳಿಗಿ, ಇನ್ನರ್ಧ ಮಂದಿಗೆ ಖಾಲಿ ಗುಳಿಗಿ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರೂದಿಲ್ಲ, ನನಗೂ ಗೊತ್ತಿರೂದಿಲ್ಲ." ಖಾಲಿ ಗುಳಿಗೆಯನ್ನು ಅಷ್ಟು ಚೆಂದ ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆಂದರೆ ನೋಡಿ. ನಿಮ್ಮದು ಯಾವುದಿರಬಹುದು?

ಸಿದ್ದಲಿಂಗವ್ವ

ಕಿತ್ತೂರು
25 ಫೆಬ್ರುವರಿ 2025

ಮಾನ್ಯ ಸಿದ್ದಲಿಂಗವ್ವನವರಿಗೆ ವಂದನೆಗಳು.

ಪೆನ್ನು ನೀವೇ ಇಟ್ಟುಕೊಳ್ಳಿ. ನನ್ನ ಹೆಸರಿಗೆ ಪತ್ರ ಬಂದು ಎಷ್ಟು ವರ್ಷವಾಗಿತ್ತೆಂದರೆ, ವಸತಿ ಶಾಲೆಯ ಹುಡುಗಿಯರು ಲಕೋಟೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು.

ನಾನು ಇಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ಹನ್ನೊಂದು ವರ್ಷ ದಿನಕ್ಕೆ ನೂರು ಸಲ ಸೀಟಿ ಊದಿದ್ದೇನೆ. ಈಗ ಊದದಿದ್ದರೂ ಎಡಗಿವಿಯಲ್ಲಿ ಸೀಟಿ ಕೇಳುತ್ತಲೇ ಇರುತ್ತದೆ. ಖೋ ಖೋ ತಂಡ ತಯಾರು ಮಾಡುವುದು ನನ್ನ ಕೆಲಸ, ಅದೊಂದೇ ನನಗೆ ಪ್ರೀತಿಯ ಕೆಲಸ. ಹೋದ ತಿಂಗಳು ಮುಖ್ಯಶಿಕ್ಷಕಿಯವರು ಎರಡು ಸಲ ಕರೆದರೂ ಕೇಳಿಸದೆ ಹೋಗಿದ್ದಕ್ಕೆ, ಜೂನ್‌ನಿಂದ ನಿಮಗೆ ಮೈದಾನ ಬೇಡ, ಉಗ್ರಾಣದ ಕೆಲಸ ನೋಡಿಕೊಳ್ಳಿ ಅಂದಿದ್ದಾರೆ. ನಾನು ಔಷಧದ ಪ್ರಯೋಗಕ್ಕೆ ಸೇರಿದ್ದು ಅವರಿಗೆ ಗೊತ್ತಿಲ್ಲ. ಚೆಂಡು, ಹಗ್ಗ ತರಲು ಬೆಳಗಾವಿಗೆ ಹೋಗುತ್ತೇನೆಂದು ಹೇಳಿದ್ದೇನೆ. ರಾಮದುರ್ಗದಲ್ಲಿರುವ ನಮ್ಮ ಅವ್ವ ಕೃಷ್ಣವ್ವನಿಗೂ ಹೇಳಿಲ್ಲ.

ಒಂದು ವಿನಂತಿ. ದಿನಾಲೂ ಸಪ್ಪಳಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕಿ ಕೊಟ್ಟು ವಹಿಯಲ್ಲಿ ಬರೆಯಬೇಕಲ್ಲ, ಆ ಅಂಕಿಯನ್ನು ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಬೇಡ. ಒಬ್ಬರ ಅಂಕಿ ಕೇಳಿ ಇನ್ನೊಬ್ಬರ ಮನಸ್ಸು ಹೊರಳುತ್ತದೆಂದು ಮಧು ಮೇಡಂ ಹೇಳಿದ್ದರು. ಉಳಿದದ್ದು ಏನಾದರೂ ಬರೆಯಿರಿ.

ಪೂನಮ್

ಮುರಗೋಡ
19 ಮಾರ್ಚ್ 2025

ಪೂನಮ್ ಟೀಚರ್,

ಬಿಳಿಜೋಳದ ಸುಗ್ಗಿ ಮುಗಿದು ಹೊಸ ಜೋಳ ಗಿರಣಿಗೆ ಬಂದಿದೆ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯುವ ಮೊದಲೇ ಡಬ್ಬಿಗಳು ಪಾಳಿ ಹಿಡಿದು ಕುಳಿತಿರುತ್ತವೆ, ಹಿಂದೆ ಹೆಂಗಸರು ನಗುತ್ತ ನಿಂತಿರುತ್ತಾರೆ. ಹಿಟ್ಟು ಬೀಳುವಾಗ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿದರೆ ಸಾಕು, ಸವೆದ ಕಲ್ಲು ಕೊರೆಯುವ ಹೊತ್ತು ಬಂತೋ ಇಲ್ಲವೋ ನನಗೆ ತಿಳಿಯುತ್ತದೆ. ಈ ಕೆಲಸಕ್ಕೆ ಕಿವಿ ಏಕೆ ಬೇಕು ಹೇಳಿ. ಮೋಟಾರು ತಂದ ದಿನ ಊರಿನವರೆಲ್ಲ ಹೆಣ್ಣುಮಗಳು ಗಿರಣಿ ನಡೆಸುತ್ತಾಳೇನು ಅಂದಿದ್ದರು. ಈಗ ಅವರ ಮೊಮ್ಮಕ್ಕಳು ನನ್ನ ಹಿಟ್ಟಿನ ರೊಟ್ಟಿ ತಿನ್ನುತ್ತಾರೆ.

ನೀವು ಬೇಡ ಅಂದರೂ ಒಂದು ಮಾತು ಹೇಳಿಬಿಡುತ್ತೇನೆ, ತಡೆದುಕೊಳ್ಳಲು ಆಗುತ್ತಿಲ್ಲ. ಎಂಟು ಇದ್ದದ್ದು ಐದಕ್ಕೆ ಬಂತು. ಯಜಮಾನರು ದಿನಾ ಚಹಾ ಕುಡಿಯುವಾಗ "ಇವತ್ತ ಎಷ್ಟೈತಿ?" ಎಂದು ಕೇಳುತ್ತಾರೆ, "ಐದ್ರಿ" ಎಂದು ಹೇಳುತ್ತೇನೆ. ಅವರ ಮುಖ ನೋಡಬೇಕು ನೀವು. ತಪಾಸಣೆಗೆ ಹೋದಾಗ ಮಧು ಬಾಯಿಯೂ ವಹಿ ನೋಡಿ ತಲೆಯಾಡಿಸಿದರು. ಪಾಪ, ಕಣ್ಣ ಕೆಳಗೆ ಕಪ್ಪಾಗಿತ್ತು, ಬಹಳ ದಣಿದಿದ್ದರು.

ನಿಮಗೂ ಇಳಿದಿರಬೇಕು. ನನ್ನ ಮನಸ್ಸು ಹೇಳುತ್ತಿದೆ.

ಸಿದ್ದಲಿಂಗವ್ವ

ಕಿತ್ತೂರು
2 ಏಪ್ರಿಲ್ 2025

ಸಿದ್ದಲಿಂಗವ್ವನವರೇ,

ನಿಮಗೆ ಗುಣವಾಗುತ್ತಿರುವುದು ಸಂತೋಷ. ನನ್ನದು ನಡೆದಿದೆ. ಪರೀಕ್ಷೆಯ ಕೆಲಸ ಬಹಳ ಇರುವುದರಿಂದ ಹೆಚ್ಚು ಬರೆಯಲು ಆಗುತ್ತಿಲ್ಲ. ಶೀತಲ ಎಂಬ ಹುಡುಗಿ ಈ ಸಲ ನಮ್ಮ ತಂಡದ ನಾಯಕಿ. ಓಡುವುದರಲ್ಲಿ ಚುರುಕು, ಆದರೆ ಯಾರನ್ನೂ ನೋಡದೆ ಓಡುತ್ತಾಳೆ.

ದಯವಿಟ್ಟು ಅಂಕಿ ಬರೆಯಬೇಡಿ.

ಪೂನಮ್

ಮುರಗೋಡ
18 ಏಪ್ರಿಲ್ 2025

ಪೂನಮ್,

ನಿನಗಿಂತ ಇಪ್ಪತ್ತೈದು ವರ್ಷ ದೊಡ್ಡವಳು ನಾನು, ಇನ್ನು ಮುಂದೆ ನೀನು ಅನ್ನುತ್ತೇನೆ. ಸಿಟ್ಟು ಬಂದರೆ ಪತ್ರ ಬರೆದು ಜಗಳ ಆಡು, ಹಾಗಾದರೂ ನಾಲ್ಕು ಸಾಲು ಹೆಚ್ಚು ಬರುತ್ತದೆ.

ನಮ್ಮ ಮನೆಯಲ್ಲಿ ಹಬ್ಬ. ಅಂಕಿ ಮೂರಕ್ಕೆ ಇಳಿದಿದೆ. ಯಜಮಾನರು ಯರಗಟ್ಟಿಯವನಿಗೆ ಗಿರಣಿ ಮಾರುವುದಿಲ್ಲವೆಂದು ತಾವಾಗಿಯೇ ಹೇಳಿ ಕಳಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಮಠದ ಕಟ್ಟೆ, ಬಸ್‌ಸ್ಟ್ಯಾಂಡು, ಕ್ಷೌರದ ಅಂಗಡಿ, ಎಲ್ಲಿ ಹೋದರೂ "ಎಂಟಿದ್ದದ್ದು ಮೂರಕ್ಕ ಬಂತು ನೋಡ್ರಿ" ಎಂಬುದೊಂದೇ ಮಾತು. ಮದುವೆಯಾಗಿ ಮೂವತ್ತೊಂಬತ್ತು ವರ್ಷದಲ್ಲಿ ನನ್ನ ಬಗ್ಗೆ ಇಷ್ಟು ಮಾತಾಡಿದವರಲ್ಲ. ನಾನು ಹಿಟ್ಟಿನ ದೂಳಿನಲ್ಲಿ ನಿಂತು ನಗುತ್ತೇನೆ.

ನೀನು ದೂರು ಹೇಳುವುದಿಲ್ಲ, ಅದರಲ್ಲೇ ಗೊತ್ತಾಯಿತು ನಿನ್ನ ಸೀಟಿ ನಿಂತಿದೆ ಎಂದು. ನಮ್ಮಿಬ್ಬರಿಗೂ ಔಷಧದ ಗುಳಿಗೆಯೇ ಸಿಕ್ಕಿದೆ. ಖಾಲಿ ಗುಳಿಗೆ ಯಾರ ಪಾಲಿಗೆ ಹೋಯಿತೋ, ಪಾಪ.

ಸಿದ್ದಲಿಂಗವ್ವ

ರಾಮದುರ್ಗ
3 ಮೇ 2025

ರಜೆಗೆ ಅವ್ವನ ಹತ್ತಿರ ಬಂದಿದ್ದೇನೆ. ಬಿಸಿಲು ಬಹಳ. ಮಲಪ್ರಭೆಯಲ್ಲಿ ನೀರು ಮೊಣಕಾಲಿಗೂ ಇಲ್ಲ. ನೀವು ಆರಾಮ ಇದ್ದೀರಿ ಎಂದು ತಿಳಿದೆ.

ಪೂನಮ್

ಮುರಗೋಡ
14 ಮೇ 2025

ಪೂನಮ್,

ಈ ಪತ್ರವನ್ನು ಒಬ್ಬಳೇ ಇದ್ದಾಗ ಓದು. ಓದಿದ ಮೇಲೆ ನನ್ನ ಮುಖ ನೋಡಬಾರದೆನಿಸಿದರೆ ನೋಡಬೇಡ.

ನನ್ನ ಸಪ್ಪಳ ಐದಕ್ಕೂ ಇಳಿದಿಲ್ಲ, ಮೂರಕ್ಕೂ ಇಳಿದಿಲ್ಲ. ಮೊದಲ ದಿನ ಎಂಟು ಇತ್ತು, ಇವತ್ತೂ ಎಂಟೇ ಇದೆ. ವಹಿಯಲ್ಲಿ ಸುಳ್ಳು ಬರೆದೆ. ಯಜಮಾನರಿಗೆ ಸುಳ್ಳು ಹೇಳಿದೆ, ಮಧು ಬಾಯಿಗೆ ಸುಳ್ಳು ಹೇಳಿದೆ, ನೀನು ಬೇಡ ಅಂದರೂ ಕೇಳದೆ ನಿನಗೂ ಸುಳ್ಳು ಬರೆದೆ. ಗಿರಣಿ ಉಳಿಯಲಿ ಅನ್ನುವುದೊಂದೇ ಇತ್ತು ಮನಸ್ಸಿನಲ್ಲಿ. ಒಂದು ಅಂಕಿ ಬದಲಿಸಿದರೆ ಯಾರಿಗೆ ಏನಾದೀತು ಅಂದುಕೊಂಡಿದ್ದೆ.

ನಿನ್ನೆ ಮಧ್ಯಾಹ್ನ ಮಠದ ಹಿಂದಿನ ಓಣಿಯ ರಾಮವ್ವ ಆ ಬಿಸಿಲಿನಲ್ಲಿ ನಡೆದುಕೊಂಡು ಬಂದಳು. ನನಗಿಂತ ನಾಲ್ಕು ವರ್ಷ ಹಿರಿಯಳು, ಅವಳ ಕಿವಿಯೂ ಹೀಗೇ ಗುಂಯ್ಗುಡುತ್ತದೆ. ಸೆರಗಿನಲ್ಲಿ ಒಂದು ಬಟ್ಟಲು ಬೆಣ್ಣೆ ಮುಚ್ಚಿಕೊಂಡು ಬಂದಿದ್ದಳು. ಗುಳಿಗೆ ಬೇಕೆಂದು ಕೇಳಿದಳು. ನಾಲ್ಕೇ ನಾಲ್ಕು ಸಾಕಂತೆ. ನಮ್ಮ ಯಜಮಾನರೇ ಅವಳಿಗೆ ಕಟ್ಟೆಯ ಮೇಲೆ ಕುಳಿತು ಎಲ್ಲ ವರ್ಣಿಸಿದ್ದರಂತೆ. ನಾನು ತೊದಲುತ್ತಿರುವಾಗ ಅವಳೇ ಹೇಳಿದಳು: "ನಾಕ ದಿನ ಆತು, ಬಿಪಿ ಗುಳಿಗಿ ಬಿಟ್ಟೇನಿ. ಎರಡೂ ಕೂಡಿದ್ರ ಹೊಟ್ಟ್ಯಾಗ ಜಗಳ ಆಡತಾವಂತ."

ಮೋಟಾರು ನಿಲ್ಲಿಸಿದೆ. ಪಾಳಿಯಲ್ಲಿದ್ದವರು ನೋಡುತ್ತ ನಿಂತರು. ಅವಳನ್ನು ಹಿಂದಿನ ಮೂಲೆಗೆ ಕರೆದು, ಎದುರು ಕುಳಿತು ಹೇಳಿದೆ: "ರಾಮವ್ವ, ನಂದು ಸುಳ್ಳು. ನನಗ ಏನೂ ಕಡಿಮಿ ಆಗಿಲ್ಲ." ಅವಳಿಗೆ ನಂಬಿಕೆಯೇ ಬರಲಿಲ್ಲ. ಗುಳಿಗೆ ಕೊಡಲು ಮನಸ್ಸಿಲ್ಲದೆ ಹೀಗನ್ನುತ್ತಿದ್ದೇನೆ ಎಂದುಕೊಂಡಳು. ಕೈಹಿಡಿದು ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ಬಿಪಿ ಬಹಳ ಏರಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಗತಿ ಏನಾಗುತ್ತಿತ್ತೋ ಎಂದು ಅಲ್ಲಿಯ ನರ್ಸ್ ಬೈದಳು. ಸಂಜೆಯವರೆಗೆ ಜೊತೆಗೆ ಕುಳಿತು, ಗುಳಿಗೆ ನುಂಗಿಸಿ, ಮನೆಗೆ ಬಿಟ್ಟು ಬಂದೆ. ಈಗ ಆರಾಮ ಇದ್ದಾಳೆ.

ಯಜಮಾನರು ಗೋಕಾಕಕ್ಕೆ ಮದುವೆಗೆ ಹೋಗಿದ್ದಾರೆ. ಬಂದ ಮೇಲೆ ಏನು ಹೇಳಬೇಕೋ ಗೊತ್ತಿಲ್ಲ. ಮೊದಲು ನಿನಗೆ ಬರೆಯುತ್ತಿದ್ದೇನೆ. ಖಾಲಿ ಗುಳಿಗೆ ನನ್ನ ಪಾಲಿಗೇ ಬಂದಿರಬೇಕು. ನಿನಗಾದರೂ ಗುಣವಾಗಿದೆಯಲ್ಲ, ಅದೊಂದು ಸಮಾಧಾನ.

ಸಿದ್ದಲಿಂಗವ್ವ

ರಾಮದುರ್ಗ
19 ಮೇ 2025

ಅಕ್ಕ,

ನಿಮ್ಮ ಪತ್ರ ಓದಿ ಮೊದಲು ಎರಡು ಪುಟ ಸಿಟ್ಟಿನಿಂದ ಬರೆದೆ. ಹರಿದು ಹಾಕಿದೆ. ಆಮೇಲೆ ನಗು ಬಂತು, ನಿಲ್ಲಿಸಲು ಆಗಲಿಲ್ಲ. ಅವ್ವ ಹೊಲಿಗೆ ಯಂತ್ರ ನಿಲ್ಲಿಸಿ ಬಂದು ನೋಡಿದಳು.

ನಿಮ್ಮ ಐದು, ನಿಮ್ಮ ಮೂರು ಓದಿದಾಗ ನನಗೆ ಏನಾಯಿತೆಂದು ಹೇಳುತ್ತೇನೆ. ಮೊದಲ ತಿಂಗಳು ನನ್ನ ಸೀಟಿ ನಿಜವಾಗಿಯೂ ಏಳರಿಂದ ಐದಕ್ಕೆ ಇಳಿದಿತ್ತು. ಆಮೇಲೆ ಅಲ್ಲೇ ನಿಂತಿತು. ನಿಮಗೆ ಮೂರು ಬಂತೆಂದು ಓದಿದ ದಿನ, ಸಿದ್ದಲಿಂಗವ್ವನಿಗೆ ಔಷಧ, ನನಗೆ ಖಾಲಿ ಎಂದು ತೀರ್ಮಾನ ಮಾಡಿಬಿಟ್ಟೆ. ಅಂದಿನಿಂದ ಗುಳಿಗೆ ನುಂಗಿಲ್ಲ. ನುಂಗಿದ್ದೇನೆಂದು ಮಾತ್ರ ವಹಿಯಲ್ಲಿ ಬರೆದಿದ್ದೇನೆ. ಆರಾಮ ಇದ್ದೀರಿ ಎಂದು ತಿಳಿದೆ ಅಂತ ಬರೆದೆನಲ್ಲ, ಅದು ಹೊಟ್ಟೆಕಿಚ್ಚಿನ ಸಾಲು.

ಬುದ್ಧ ಪೂರ್ಣಿಮೆಯ ದಿನ ಅವ್ವ ಪಾಯಸ ಮಾಡಲು ಡಬ್ಬಿಗಳನ್ನು ತೆಗೆದಾಗ, ಸಾಬುದಾಣಿ ಡಬ್ಬಿಯ ಹಿಂದೆ ನಾನು ಅಡಗಿಸಿಟ್ಟ ಗುಳಿಗೆಗಳು ಸಿಕ್ಕವು. ಆಗ ಕಿವಿಯ ವಿಷಯ ಎಲ್ಲ ಹೇಳಬೇಕಾಯಿತು. ಅವ್ವ ಬೈಯಲಿಲ್ಲ. "ನಾ ಮಷೀನ್ ಹೊಡಿಯೂವಾಗ ನೀ ಹೊರಗ ಯಾಕ ಹೋಗತಿದ್ದಿ ಅಂತ ಈಗ ತಿಳೀತು" ಅಂದಳು. ಅಂದಿನಿಂದ ಯಂತ್ರವನ್ನು ಹಿತ್ತಿಲಿಗೆ ಹಾಕಿಕೊಂಡು ಹೊಲಿಯುತ್ತಿದ್ದಾಳೆ.

ಇಪ್ಪತ್ತಾರಕ್ಕೆ ಸೋಮವಾರ. ಬೈಲಹೊಂಗಲ ಬಸ್‌ಸ್ಟ್ಯಾಂಡಿನಲ್ಲಿ ಎಂಟು ಗಂಟೆಗೆ ನಿಂತಿರುತ್ತೇನೆ. ಬೆಳಗಾವಿಗೆ ಕೂಡಿಯೇ ಹೋಗೋಣ. ಮಧು ಮೇಡಂ ಹೊರಗೆ ಹಾಕಿದರೆ ಇಬ್ಬರನ್ನೂ ಒಟ್ಟಿಗೆ ಹಾಕಲಿ.

ನಿಮ್ಮ ತಂಗಿ,
ಪೂನಮ್

ಕಿತ್ತೂರು
9 ಜೂನ್ 2025

ಅಕ್ಕ,

ಅಂದು ಆಸ್ಪತ್ರೆಯಲ್ಲಿ ನಮ್ಮನ್ನು ಬೇರೆ ಬೇರೆಯಾಗಿ ಒಳಗೆ ಕರೆದರು, ನಾನು ಹೊರಗೆ ಬರುವಷ್ಟರಲ್ಲಿ ನಿಮ್ಮ ಬಸ್ಸಿನ ಹೊತ್ತಾಗಿತ್ತು. ಒಳಗೆ ನಡೆದದ್ದನ್ನು ಹೇಳಲೇ ಇಲ್ಲ.

ಗುಳಿಗೆಗಳನ್ನು ಮೇಜಿನ ಮೇಲೆ ಸುರಿದೆ. ಮಧು ಮೇಡಂ ಅವುಗಳನ್ನು ನೋಡಿದರು, ನನ್ನನ್ನು ನೋಡಿದರು, ಹೊಸ ಹಾಳೆ ತೆಗೆದು ಯಾವ ದಿನದಿಂದ ಬಿಟ್ಟಿರಿ ಎಂದು ಕೇಳಿದರು. ಹೇಳಿದೆ. ಅದನ್ನು ಬರೆದುಕೊಂಡರು. ಬೈಗುಳಕ್ಕೆ ಕಾದು ಕುಳಿತೆ. "ನೀವು ಬಿಟ್ಟದ್ದೂ ಒಂದು ಉತ್ತರನ. ಮುಚ್ಚಿಟ್ಟಿದ್ರ ಅಷ್ಟ ಅದು ತಪ್ಪು ಉತ್ತರ ಆಗತಿತ್ತು" ಅಂದರು. ಉಳಿದ ಎರಡು ವಾರ ತಪ್ಪದೆ ನುಂಗುತ್ತೇನೆಂದು ಹೇಳಿ ಬಂದೆ, ನಿನ್ನೆಗೆ ಮುಗಿಯಿತು. ಬರುವ ಮೊದಲು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಒಬ್ಬರು, ನಿಶ್ಶಬ್ದ ಹುಡುಕಿಕೊಂಡು ಹೋಗಬೇಡಿ, ಫ್ಯಾನಿನದೋ ನಲ್ಲಿಯದೋ ಮೆಲ್ಲಗಿನ ಸಪ್ಪಳ ಜೊತೆಗಿರಲಿ, ಸೀಟಿ ಊದುವುದನ್ನು ಮಾತ್ರ ಬಿಡಿ ಎಂದು ಹೇಳಿಕೊಟ್ಟರು.

ಆ ಧೈರ್ಯದ ಮೇಲೆ ಮುಖ್ಯಶಿಕ್ಷಕಿಯವರಿಗೆ ಎಲ್ಲ ಹೇಳಿಬಿಟ್ಟೆ. ಸೀಟಿ ಇಲ್ಲದೆ ಹೇಗೆ ಕಲಿಸುತ್ತೀರಿ ಎಂದು ಕೇಳಿದರು. ಒಂದು ವಾರ ಸಮಯ ಕೇಳಿ, ಸನ್ನೆ ಮಾಡಲು ಅವ್ವ ಹೊಲಿದುಕೊಟ್ಟ ಕೆಂಪು ಬಟ್ಟೆ ಹಿಡಿದು ಮೈದಾನಕ್ಕೆ ಇಳಿದೆ. ಮೊದಲ ಎರಡು ದಿನ ಎಲ್ಲ ಗೊಂದಲ. ಮೂರನೇ ದಿನದಿಂದ ಹುಡುಗಿಯರು ತಲೆ ಎತ್ತಿ ಓಡಲು ಶುರು ಮಾಡಿದರು. ನನ್ನನ್ನು ನೋಡಲು ತಲೆ ಎತ್ತಿದವರಿಗೆ ಒಬ್ಬರನ್ನೊಬ್ಬರು ನೋಡುವುದೂ ಬಂತು. ಯಾರ ಬೆನ್ನಿಗೆ ಖೋ ಕೊಡಬೇಕೆಂದು ಶೀತಲಳಿಗೆ ಈಗ ಹೇಳಬೇಕಾಗಿಲ್ಲ. ಶನಿವಾರ ಮುಖ್ಯಶಿಕ್ಷಕಿಯವರು ಮೈದಾನದ ಅಂಚಿನಲ್ಲಿ ಅರ್ಧ ಗಂಟೆ ನಿಂತಿದ್ದರು. ಉಗ್ರಾಣದ ಕೀಲಿಕೈಯನ್ನು ಬೇರೆಯವರಿಗೆ ಕೊಟ್ಟರು.

ನಿಮ್ಮ ಮನೆಯಲ್ಲಿ ಏನಾಯಿತು? ಅದೊಂದೇ ಚಿಂತೆ.

ಪೂನಮ್

ಮುರಗೋಡ
22 ಜೂನ್ 2025

ತಂಗಿ ಪೂನಮ್,

ಮಧು ಬಾಯಿ ನನಗೆ ಹೇಳಿದ್ದು ಬೇರೆ. "ಗುಣ ಆಗಲಿಲ್ಲ ಅಂದ್ರ ನನಗ ಬ್ಯಾಸರಿಲ್ಲ, ಸಿದ್ದಲಿಂಗವ್ವ. ಆಗೈತಿ ಅಂತ ಸುಳ್ಳ ಬರದ್ರ, ನಾಳೆ ಸಾವಿರ ರಾಮವ್ವನಂಥವರು ಇದನ್ನ ನುಂಗತಾರ." ನಾನು ಅತ್ತುಬಿಟ್ಟೆ. ಅವರು ನನ್ನ ಹಳೆಯ ಅಂಕಿಗಳನ್ನು ಅಳಿಸಲಿಲ್ಲ, ಪಕ್ಕದಲ್ಲಿ ನಾನು ಹೇಳಿದ್ದನ್ನು ಬರೆದು ನನ್ನಿಂದ ಸಹಿ ಹಾಕಿಸಿಕೊಂಡರು.

ಅದುವರೆಗೆ ಯಜಮಾನರಿಗೆ ಹೇಳುವ ಧೈರ್ಯ ಬಂದಿರಲಿಲ್ಲ, ಅದೇ ಸಂಜೆ ಹೇಳಿದೆ. ಅವರು ಮೂರು ದಿನ ಮಾತಾಡಲಿಲ್ಲ. ಊಟ ಮಾಡಿದರು, ಗಿರಣಿಗೆ ಬಂದು ಡಬ್ಬಿ ಎತ್ತಿಕೊಟ್ಟರು. ಬೆಳಿಗ್ಗೆ ಎಷ್ಟೈತಿ ಎಂದೂ ಕೇಳಲಿಲ್ಲ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಯಿತು. ನಾಲ್ಕನೇ ದಿನ ರೊಟ್ಟಿ ಬಡಿಯುವಾಗ ಬಂದು ಒಲೆಯ ಹತ್ತಿರ ಕುಳಿತರು.

"ಗಿರಣಿ ಮಾರತೇನಿ ಅಂದದ್ದಕ್ಕ ಅಂಜಿದ್ದೇನ?"

"ಅಂಜಿದ್ದೆ."

"ನನಗ ಖರೇ ಹೇಳಬೇಕಾಗಿತ್ತಲ್ಲ."

"ಹೇಳಿದ್ರ ಮಾರತಿದ್ರಿ."

ಅವರು ಒಂದು ರೊಟ್ಟಿ ಬೇಯುವಷ್ಟು ಹೊತ್ತು ವಿಚಾರ ಮಾಡಿದರು. "ಹೌದು, ಮಾರತಿದ್ದೆ" ಅಂದರು. ಇಬ್ಬರಿಗೂ ನಗು ಬಂತು.

ಮರುದಿನವೇ ದುರ್ಗಪ್ಪ ಗೌಂಡಿಯನ್ನು ಕರೆದುಕೊಂಡು ಬಂದರು. ಗಿರಣಿಯ ಹಿಂದೆ ದಪ್ಪ ಗೋಡೆಯ ಸಣ್ಣ ಕೋಣೆ ಎದ್ದಿದೆ, ಮೋಟಾರು ಅಲ್ಲಿಗೆ ಹೋಗಿದೆ. ಕಲ್ಲು ತಿರುಗಿಸುವ ಪಟ್ಟಾ ಒಂದೇ ಗೋಡೆಯ ಕಿಂಡಿಯಿಂದ ಒಳಗೆ ಬರುತ್ತದೆ. ಕಲ್ಲಿನ ಕೆಳಗೆ ಟ್ರ್ಯಾಕ್ಟರಿನ ಹಳೇ ಟೈರು ಕೊಯ್ದು ಹಾಸಿದ್ದಾರೆ. ನನಗೆ ಕಿವಿ ಮುಚ್ಚುವ ಎರಡು ಕಿತ್ತಳೆ ಬಣ್ಣದ ಬಟ್ಟಲು ತಂದಿದ್ದಾರೆ. ತಲೆಗೆ ಹಾಕಿಕೊಂಡು ನಿಂತರೆ ಪಾಳಿಯಲ್ಲಿದ್ದವರು ವಿಮಾನ ಬಿಡುತ್ತೀಯೇನು ಎಂದು ಕೇಳುತ್ತಾರೆ. ಯಜಮಾನರು ಮಠದ ಕಟ್ಟೆಗೂ ಹೋಗಿ ಬಂದಿದ್ದಾರೆ. ಎಂಟು ಎಂಟೇ ಇದೆ, ಮೂರು ಅಂದದ್ದು ತಪ್ಪು ಎಂದು ಎಲ್ಲರೆದುರು ತಾವೇ ಹೇಳಿದರಂತೆ. ಹೇಳುವಾಗ ತಲೆ ತಗ್ಗಿಸಿರಲಿಲ್ಲ ಎಂದು ರಾಮವ್ವ ಬಂದು ಹೇಳಿದಳು.

ಅಕ್ಕ

ಕಿತ್ತೂರು
12 ನವೆಂಬರ್ 2025

ಸಿದ್ದವ್ವಕ್ಕ,

ಆಸ್ಪತ್ರೆಯಿಂದ ಪತ್ರ ಬಂತು, ನಿಮಗೂ ಬಂದಿರಬೇಕು. ಔಷಧ ನುಂಗಿದವರಿಗೂ ಖಾಲಿ ಗುಳಿಗೆ ನುಂಗಿದವರಿಗೂ ವ್ಯತ್ಯಾಸವೇ ಇಲ್ಲವಂತೆ. ಈ ಗುಳಿಗೆ ಕಿವಿಯ ಸಪ್ಪಳಕ್ಕೆ ಕೆಲಸ ಮಾಡುವುದಿಲ್ಲ, ಅದು ಖಚಿತವಾಗಿ ತಿಳಿಯಲು ನೀವೆಲ್ಲ ಬೇಕಾಗಿದ್ದಿರಿ ಎಂದು ಮಧು ಮೇಡಂ ಕೈಯಾರೆ ಬರೆದಿದ್ದಾರೆ. ದುಃಖ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ನನ್ನದು ಖಾಲಿ ಗುಳಿಗೆ. ನೋಡಿ, ಖಾಲಿ ಗುಳಿಗೆ ನುಂಗಿ ಏಳರಿಂದ ಐದಕ್ಕೆ ಇಳಿದವಳು ನಾನು. ಅದು ಖಾಲಿ ಎಂದು ಸಿಟ್ಟಾಗಿ ಬಿಟ್ಟವಳೂ ನಾನೇ. ಮುಖ್ಯಶಿಕ್ಷಕಿಯವರಿಗೆ ಹೇಳಿದೆ, ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು.

ಇಪ್ಪತ್ತೊಂಬತ್ತು ಶನಿವಾರ ಸವದತ್ತಿಯಲ್ಲಿ ನಮ್ಮ ಹುಡುಗಿಯರ ಕೊನೆಯ ಪಂದ್ಯ. ಅವ್ವ ರಾಮದುರ್ಗದಿಂದ ಬರುತ್ತಾಳೆ. ನೀವು ಬರಲೇಬೇಕು, ಶಂಕರೆಪ್ಪ ಮಾವನವರನ್ನೂ ಕರೆತನ್ನಿ. ಗದ್ದಲ ಬಹಳ ಇರುತ್ತದೆ, ಕಿತ್ತಳೆ ಬಟ್ಟಲು ತನ್ನಿ.

ಪೂನಮ್

ಮುರಗೋಡ
2 ಡಿಸೆಂಬರ್ 2025

ಪೂನಮ್,

ನನ್ನದು ಔಷಧದ ಗುಳಿಗೆಯೇ ಆಗಿತ್ತು. ಹದಿನಾರು ವಾರ ನಿಜವಾದ ಔಷಧ ನುಂಗಿ ಎಂಟರಲ್ಲೇ ಕುಳಿತವಳು ನಾನು. ಯಜಮಾನರು ಆ ಪತ್ರವನ್ನು ಎರಡು ಸಲ ಓದಿ, ನಿನ್ನ ಹಟ ಔಷಧಕ್ಕೂ ಬಗ್ಗಲಿಲ್ಲ ಅಂದರು.

ಶನಿವಾರ ನಿನ್ನ ಸುತ್ತ ಜನ ಮುತ್ತಿದ್ದರು, ಮಾತಾಡಲು ಆಗಲಿಲ್ಲ. ನಾನು ನಿನ್ನ ಅವ್ವನ ಪಕ್ಕದಲ್ಲಿ ಕುಳಿತಿದ್ದೆ. ನನ್ನ ಜೋಳದ ರೊಟ್ಟಿ, ಅವಳ ಶೇಂಗಾ ಚಟ್ನಿ, ಕೂಡಿಯೇ ತಿಂದೆವು. ರೊಟ್ಟಿ ಮುರಿದು ಹಿಟ್ಟು ಯಾವ ಕಲ್ಲಿನದು ಎಂದು ಕೇಳಿದಳು. ಅಂಥ ಪ್ರಶ್ನೆ ಕೇಳುವ ಹೆಂಗಸು ನನಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

ಆಟ ನನಗೆ ತಿಳಿಯುವುದಿಲ್ಲ. ಆ ಕಡೆಯ ಗುರುಗಳು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಜನ ಕೇಕೆ ಹಾಕುತ್ತಿದ್ದರು, ಡಬ್ಬಿ ಬಾರಿಸುತ್ತಿದ್ದರು. ಅವರ ಹುಡುಗಿಯರಿಗೆ ಗುರುಗಳ ಮಾತು ಒಂದೂ ಮುಟ್ಟುತ್ತಿರಲಿಲ್ಲ. ನೀನು ಬಾಯಿ ಮುಚ್ಚಿಕೊಂಡು ಕೆಂಪು ಬಟ್ಟೆ ಮಾತ್ರ ಎತ್ತುತ್ತಿದ್ದೆ, ಇಳಿಸುತ್ತಿದ್ದೆ. ಕೊನೆಗೆ ಒಬ್ಬಳನ್ನು ಮುಟ್ಟಿದರೆ ಗೆದ್ದ ಹಾಗೆ ಎಂದು ಕೃಷ್ಣವ್ವ ಹೇಳಿದಳು. ಶೀತಲ ಓಡುತ್ತ ಓಡುತ್ತ ತಲೆ ಎತ್ತಿದಳು, ನಿನ್ನ ಕೈ ನೋಡಿದಳು, ಸಾಲಿನಲ್ಲಿ ಕುಳಿತಿದ್ದ ತಮ್ಮ ಹುಡುಗಿಯೊಬ್ಬಳ ಬೆನ್ನು ತಟ್ಟಿದಳು. ಆ ಹುಡುಗಿ ಎದ್ದು ಜಿಗಿದದ್ದಷ್ಟೇ ನನಗೆ ಕಂಡಿತು. ಆಮೇಲೆ ಕೃಷ್ಣವ್ವ ನನ್ನನ್ನು ತಬ್ಬಿಕೊಂಡಿದ್ದಳು, ಯಜಮಾನರು ಟೋಪಿಯನ್ನು ಮೇಲೆ ಎಸೆದು ಹಿಡಿಯಲಾಗದೆ ಯಾರದೋ ಕಾಲಡಿ ಹುಡುಕುತ್ತಿದ್ದರು.

ಮರಳಿ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತಿದ್ದೆ. ಯರಗಟ್ಟಿ ದಾಟಿದ ಮೇಲೆ ಒಮ್ಮೆಲೆ ನೆನಪಾಯಿತು, ಬೆಳಗಿನಿಂದ ನಾನು ಕಿವಿಯ ಕಡೆ ಗಮನ ಕೊಟ್ಟೇ ಇಲ್ಲ. ಕಿತ್ತಳೆ ಬಟ್ಟಲು ಚೀಲದಲ್ಲೇ ಉಳಿದಿತ್ತು. ನಾಲ್ಕು ವರ್ಷದಲ್ಲಿ ಅಂಥ ದಿನ ಬಂದಿರಲಿಲ್ಲ. ಆಗ ಲಕ್ಷ್ಯ ಕೊಟ್ಟು ಕೇಳಿದೆ. ಸಪ್ಪಳ ಇತ್ತು, ಎಲ್ಲಿಗೂ ಹೋಗಿರಲಿಲ್ಲ.

ಯಜಮಾನರು ನನ್ನ ಮುಖ ನೋಡುತ್ತಿದ್ದರು. ಮೇ ತಿಂಗಳಿನಿಂದ ಕೇಳದಿದ್ದವರು ಈಗ ಮೆಲ್ಲಗೆ ಕೇಳಿದರು: "ಎಷ್ಟೈತಿ?"

"ಗೊತ್ತಿಲ್ಲರೀ, ಎಣಿಸಲಿಲ್ಲ" ಎಂದು ಹೇಳಿ, ಕಿಟಕಿಯ ಗಾಜನ್ನು ಪೂರ್ತಿ ಸರಿಸಿ, ಗಾಳಿಗೆ ಮುಖ ಒಡ್ಡಿ ಕುಳಿತೆ.

ಅಕ್ಕ